ಜರಡಿಯೂ ನಲ್ಲಿ ಅತ್ತೆಯೂ

ಶೂರರಲ್ಲಿ ನಾನಾ ಬಗೆ. ಕತ್ತಿ ಹಿಡಿದವರು, ಮೈಕು ಹಿಡಿದವರು, ಕುರ್ಚಿ ಹಿಡಿದು ಬಿಡದವರು. ನಮ್ಮ ಕಥಾನಾಯಕ ಹಿಡಿಯುತ್ತಿದ್ದುದು ತಪ್ಪು. ಅದೂ ಬೇರೆಯವರ ತಪ್ಪು. ಈ ವಿದ್ಯೆಯಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಅವನ ಮುಖವನ್ನೇ ನೋಡದ ಸಾವಿರಾರು ಜನ ಒಪ್ಪಿಕೊಂಡಿದ್ದರು. ದಿನಾ ಮುಖ ನೋಡುವವರು ಇಬ್ಬರೇ, ಹೆಂಡತಿ ಮತ್ತು ಅತ್ತೆ. ಅವರು ಮಾತ್ರ ಒಪ್ಪಿರಲಿಲ್ಲ.

ಹಗಲು ಹೊತ್ತು ಅವನು ಹಳೇ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಅಂಗಡಿಯಲ್ಲಿ ನೌಕರ. ಜನ ಚೀಲದ ತುಂಬ ತಂದು ಸುರಿಯುತ್ತಿದ್ದರು: ಮದುವೆಗಳು, ಶಾಲೆಯ ನಾಟಕಗಳು, ತೀರಿಹೋದ ತಾತನ ಕೆಮ್ಮು. ಒಂದೊಂದನ್ನೂ ಇಳಿಸಿ, ಗಾತ್ರ ತಗ್ಗಿಸಿ, ಹೆಸರಿಟ್ಟು, ಸರಿಯಾದ ಜಾಗದಲ್ಲಿ ಇಡಬೇಕು. ಬೇಸರದ ಕೆಲಸ. ಬೇಸರವಾದವನು ಆಕಳಿಸಿ ಸುಮ್ಮನಾಗಬೇಕು. ಇವನು ಆಕಳಿಸಿ ಒಂದು ಸಾಫ್ಟ್‌ವೇರ್ ಹುಡುಕಿಕೊಂಡ.

ಅದರ ಸ್ವಭಾವ ಮನೆಬಾಗಿಲ ಕಾವಲುಗಾರನದು. ಒಂದು ಫೋಲ್ಡರನ್ನು ದಿಟ್ಟಿಸುತ್ತ ಕೂತಿರುತ್ತದೆ. ಫೈಲು ಬಂದು ಬಿದ್ದ ಕೂಡಲೇ ವಿಚಾರಣೆ. ನೀನು ಚಿತ್ರವೋ, ಹಾಡೋ? ದಪ್ಪಗಿದ್ದೀಯಾ, ಇಳಿ. ಅಡ್ಡ ಬಿದ್ದಿದ್ದೀಯಾ, ಏಳು. ಹೆಸರಿಲ್ಲವಾ, ತಗೋ ಹೆಸರು, ನಡಿ ನಿನ್ನ ಜಾಗಕ್ಕೆ. ಹೀಗೆ ಒಂದೊಂದು ಕೆಲಸಕ್ಕೂ ಒಂದೊಂದು ಪುಟ್ಟ ಸ್ಕ್ರಿಪ್ಟು ಬೇಕು, ಅಂದರೆ ಯಂತ್ರಕ್ಕೆ ಬರೆದುಕೊಟ್ಟ ಅಪ್ಪಣೆ. ಈ ಅಪ್ಪಣೆಗಳನ್ನು ಸಾಫ್ಟ್‌ವೇರ್ ಮಾಡಿದವರು ಬರೆಯುವುದಿಲ್ಲ. ಬಳಸುವವರೇ ಬರೆದು, ಅಂತರ್ಜಾಲದಲ್ಲಿ ತಮ್ಮದೇ ಬಳಗ ಕಟ್ಟಿಕೊಂಡು, ಪುಕ್ಕಟೆಯಾಗಿ ಹಂಚುತ್ತಾರೆ. ಪುಕ್ಕಟೆ ಕೊಡುವುದಕ್ಕೂ ಅಲ್ಲಿ ಎಂಥ ಪೈಪೋಟಿ, ಎಂಥ ಮುನಿಸು! ಆಸ್ತಿ ಹಂಚುವಾಗ ಅಣ್ಣತಮ್ಮಂದಿರೂ ಅಷ್ಟು ಕಚ್ಚಾಡುವುದಿಲ್ಲ.

ಆ ಬಳಗದಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ. ನಮ್ಮವನ ಹೆಸರು ಜರಡಿ. ಅವನು ಬರೆದ ಸ್ಕ್ರಿಪ್ಟುಗಳು ಬಳಗದ ಪಟ್ಟಿಯ ತುದಿಯಲ್ಲಿದ್ದವು. ಆದರೆ ಅವನ ಕೀರ್ತಿಯೆಲ್ಲ ಬೇರೆಯವರ ಸ್ಕ್ರಿಪ್ಟುಗಳನ್ನು ಪರೀಕ್ಷಿಸುವುದರಲ್ಲಿತ್ತು. ಯಾರಾದರೂ ಹೊಸದನ್ನು ತಂದಿಟ್ಟರೆ ಸಾಕು, ಜರಡಿ ಅದನ್ನು ಹಿಡಿದು ಅಲ್ಲಾಡಿಸಿ, ಕಲ್ಲು ಯಾವುದು, ಹೊಟ್ಟು ಯಾವುದು ಎಂದು ಆರಿಸಿ ಎದುರಿಗಿಡುತ್ತಿದ್ದ. ಪಟ್ಟಿಯನ್ನು ಕಾಯುವ ಹಿರಿಯನೊಬ್ಬ ಗೂಬೆಯ ಚಿತ್ರ ಇಟ್ಟುಕೊಂಡಿದ್ದರಿಂದ ಅವನು ಎಲ್ಲರ ಬಾಯಲ್ಲೂ ಗೂಬೆಯೇ. ಆ ಗೂಬೆ ಒಮ್ಮೆ ಬರೆದಿದ್ದ: ‘ಜರಡಿ ಸರಿ ಅಂದರೆ ನಾನು ಓದುವುದೂ ಇಲ್ಲ, ಸೇರಿಸುತ್ತೇನೆ.’

ಈ ಸಾಲನ್ನು ಜರಡಿ ಹೆಂಡತಿಗೆ ಓದಿ ಹೇಳಿದ.

“ಗೂಬೆ ಹೊಗಳ್ತು ಅಂತ ಹಿಗ್ಗೋ ಗಂಡಸನ್ನ ನಾನು ನಿಮ್ಮಲ್ಲೇ ಕಂಡಿದ್ದು ರೀ. ಜರಡಿ ಸೂಜಿಗೆ ಹೇಳಿತಂತೆ, ನಿನ್ನಲ್ಲೊಂದು ತೂತಿದೆ ಅಂತ. ಬಟ್ಟೆ ಒಣಗಿದೆ, ತಗೊಂಡ್ಬನ್ನಿ” ಅಂದಳು ಹೆಂಡತಿ.

ಜರಡಿಯ ಸಿಂಹಾಸನ ಇದ್ದದ್ದು ಅಡುಗೆಮನೆಗೆ ಅಂಟಿಕೊಂಡ ಉಗ್ರಾಣದಲ್ಲಿ. ಒಂದು ಕಡೆ ಈರುಳ್ಳಿ ಚೀಲ, ಇನ್ನೊಂದು ಕಡೆ ಹಳೇ ಹಾಸಿಗೆಯ ಸುರುಳಿ, ನಡುವೆ ಕಂಪ್ಯೂಟರು, ಅದರ ಮುಂದೆ ಸಾಮ್ರಾಟ. ಮನೆ ಅತ್ತೆಯದು. ಉಗ್ರಾಣವೂ ಅತ್ತೆಯದು. ಸಾಮ್ರಾಟ ಎರಡು ಸಾಲು ಬರೆಯುವಷ್ಟರಲ್ಲಿ ಅತ್ತೆ ಬಂದು, “ಸ್ವಲ್ಪ ಕಾಲೆತ್ತಿ ಅಳಿಯಂದ್ರೆ” ಎಂದು ಚೀಲಕ್ಕೆ ಕೈ ಹಾಕುತ್ತಿದ್ದರು. ಅವನು ಕಾಲೆತ್ತುತ್ತಿದ್ದ. ಎತ್ತಿದ ಕಾಲಲ್ಲೇ ಬರೆದ ಸ್ಕ್ರಿಪ್ಟುಗಳೂ ಲೋಕವಿಖ್ಯಾತವಾಗಿದ್ದವು.

ಅವನ ಕೀರ್ತಿಗೆಲ್ಲ ಮೂಲ ಒಂದು ಕೆಟ್ಟ ನಲ್ಲಿ.

ಅಡುಗೆಮನೆಯ ನಲ್ಲಿ ಸೋರುತ್ತಿತ್ತು. ಪ್ಲಂಬರು ಬಂದ, ವಾಷರು ಬದಲಿಸಿದ, ಹೋದ. ಅವನು ಬೀದಿ ತಿರುಗುವ ಮೊದಲೇ ನಲ್ಲಿ ಮತ್ತೆ ತೊಟ್ಟಿಕ್ಕಲು ಶುರು. ಮತ್ತೆ ಕರೆಸಿದರು, ಮತ್ತೆ ಅದೇ ಕಥೆ. ಮುಂದಿನ ಸಲ ಅವನು ಬಂದಾಗ ಅತ್ತೆ ಸೆರಗು ಬಿಗಿದು ನಿಂತು ಆಜ್ಞೆ ಮಾಡಿದರು: “ಅಳಿಯಂದ್ರೆ, ಫೋನ್ ತಗೊಳ್ಳಿ. ಇವನು ಆಡಿದ್ದೆಲ್ಲ ಅದರಲ್ಲಿ ಹಿಡೀರಿ. ನಾಳೆ ಆ ಮಾತೇ ಆಡಿಲ್ಲ ಅಂತಾನೆ.”

ಪ್ರಪಂಚದ ಫೈಲುಗಳ ತಪ್ಪು ಹಿಡಿಯುವವನಿಗೆ ಫೋನು ಹಿಡಿಯಲು ಬರುತ್ತಿರಲಿಲ್ಲ. ಮೊದಲು ಅಡ್ಡ ಹಿಡಿದ. ಅತ್ತೆ ಕಣ್ಣು ಬಿಟ್ಟಾಗ ಉದ್ದಕ್ಕೆ ತಿರುಗಿಸಿದ. ಒದ್ದೆ ಹೆಬ್ಬೆರಳು ಕ್ಯಾಮೆರಾದ ಮೇಲೆ ಬಂದು ಕೂತಿತು. ನಡುವೆ ಅಂಗಡಿಯಿಂದ ಫೋನು ಬಂದು ದನಿ ಕಡಿದುಹೋಯಿತು, ಮತ್ತೆ ಬಂದಾಗ ತುಟಿಗೂ ಮಾತಿಗೂ ಜಗಳ. ಇದೆಲ್ಲದರ ನಡುವೆ ಅತ್ತೆ ಪ್ಲಂಬರಿನ ಮೂಗಿನ ನೇರಕ್ಕೆ ಬೆರಳಿಟ್ಟು ಹೇಳುತ್ತಿದ್ದರು: “ತಿರುಗಿಸಿದ್ರೆ ನಿಲ್ಬೇಕು ಕಣಪ್ಪಾ! ನಿಲ್ದೇ ಇದ್ರೆ ಅದು ನಲ್ಲಿ ಅಲ್ಲ, ಹೊಳೆ!”

ಸಂಜೆ ಜರಡಿ ಆ ಫೈಲನ್ನು ನೋಡಿ ಬೆರಗಾದ. ವೈದ್ಯ ವಿದ್ಯಾರ್ಥಿಗೆ ಎಲ್ಲ ರೋಗಗಳೂ ಒಬ್ಬನೇ ರೋಗಿಯಲ್ಲಿ ಸಿಕ್ಕರೆ ಆಗುವ ಆನಂದ ಅದು. ಅಡ್ಡ, ಉದ್ದ, ಕತ್ತಲೆ, ಬೆಳಕು, ಸತ್ತು ಹುಟ್ಟಿದ ದನಿ, ಒಂದೂ ಬಿಟ್ಟಿಲ್ಲ. ಸಾಲದ್ದಕ್ಕೆ ಅವನು ಇಟ್ಟ ಹೆಸರು ‘ಅತ್ತೆ ನಲ್ಲಿ ಕೊನೆಯದು ನಿಜವಾಗಿ ಕೊನೆಯದು’. ನಡುನಡುವೆ ಖಾಲಿ ಜಾಗವಿರುವ ಅಂಥ ಹೆಸರು ಕಂಡರೆ ಅರ್ಧ ಸ್ಕ್ರಿಪ್ಟುಗಳು ಮೂರ್ಛೆ ಹೋಗುತ್ತವೆ. ಆ ವಾರ ಯಾರೋ ತಂದಿಟ್ಟಿದ್ದ ‘ಎಲ್ಲ ಫೈಲಿಗೂ ರಾಮಬಾಣ’ ಎಂಬ ಸ್ಕ್ರಿಪ್ಟಿಗೆ ಇದನ್ನು ತಿನ್ನಿಸಿದ. ರಾಮಬಾಣ ಬತ್ತಳಿಕೆಯಲ್ಲೇ ಮುರಿಯಿತು. ಸಾಕ್ಷಿಗೆಂದು ಫೈಲನ್ನು ಬಳಗಕ್ಕೆ ಏರಿಸಲು ಹೋದರೆ, ದೊಡ್ಡದಾಯಿತು ಎಂದು ತಾಣ ತಕರಾರು ಮಾಡಿತು. ಬಾಲ ಕತ್ತರಿಸಿ ಏರಿಸಿದ.

ಆಮೇಲೆ ನಡೆದದ್ದು ದಿಗ್ವಿಜಯ. ಬಳಗದವರು ತಂತಮ್ಮ ಸ್ಕ್ರಿಪ್ಟುಗಳನ್ನು ಇದರ ಮೇಲೆ ಬಿಟ್ಟು ನೋಡಿದರು. ಒಂದಾದ ಮೇಲೊಂದು ಮಕಾಡೆ. ಫೈಲಿಗೆ ‘ನಲ್ಲಿ ಅತ್ತೆ’ ಎಂದೇ ಹೆಸರು ಬಿತ್ತು. ಗೂಬೆ ಕಾನೂನನ್ನೇ ಮಾಡಿದ: ‘ನಲ್ಲಿ ಅತ್ತೆಯನ್ನು ದಾಟದ ಯಾವ ಸ್ಕ್ರಿಪ್ಟೂ ಪಟ್ಟಿಗೆ ಬರಕೂಡದು.’ ಪರದೆಯ ಕೆಳಗೆ ಮಾತು ತೋರಿಸುವ ಸ್ಕ್ರಿಪ್ಟುಗಳ ಪರೀಕ್ಷೆಗೆಂದು ಯಾರೋ ಪುಣ್ಯಾತ್ಮರು ಅತ್ತೆಯ ಮಾತನ್ನು ಹಲವು ಭಾಷೆಗಳಿಗೆ ಇಳಿಸಿ, ತಮ್ಮದೊಂದು ವಿವರಣೆಯನ್ನೂ ಸೇರಿಸಿ ಅಂಟಿಸಿದರು. ಯಾರ ಸ್ಕ್ರಿಪ್ಟಾದರೂ ನಿಲ್ಲದೆ ಸುತ್ತಿಕೊಂಡೇ ಇದ್ದರೆ, ಎಲ್ಲೆಲ್ಲಿಯವರೋ ‘ಇದು ನಲ್ಲಿ ಅಲ್ಲ, ಹೊಳೆ’ ಎಂದು ಷರಾ ಬರೆಯುವಂತಾಯಿತು. ಜರಡಿ ನಲ್ಲಿ ಅತ್ತೆಯ ಅಳಿಯನೆಂದು ಎರಡು ಪಟ್ಟು ದೊಡ್ಡವನಾದ.

ಇದು ಗೊತ್ತಿಲ್ಲದವರು ಪ್ರಪಂಚದಲ್ಲಿ ಒಬ್ಬರೇ. ಅವರು ಪಕ್ಕದ ಅಡುಗೆಮನೆಯಲ್ಲಿ ಹೆಚ್ಚುತ್ತಿದ್ದರು.

ಹೇಳಬೇಕು ಎಂದು ಅವನು ಆಗಾಗ ಅಂದುಕೊಂಡದ್ದು ನಿಜ. ಆದರೆ ‘ಅತ್ತೆ, ನಿಮ್ಮ ಜಗಳವನ್ನು ಊರಿಗೆಲ್ಲ ಹಂಚಿದ್ದೇನೆ’ ಎಂದು ಮಾತು ಶುರು ಮಾಡುವುದು ಹೇಗೆ ಎಂಬುದಕ್ಕೆ ಯಾವ ಸ್ಕ್ರಿಪ್ಟೂ ಸಿಕ್ಕಿರಲಿಲ್ಲ.

ಹೀಗಿರುವಾಗ ಅತ್ತೆಯ ಕಣ್ಣು ಮಂಜಾಯಿತು. ಕಣ್ಣಿನ ಆಸ್ಪತ್ರೆಗೆ ಅಳಿಯನೇ ಕರೆದುಕೊಂಡು ಹೋದ. ಬಿಳೀ ಗೋಡೆ, ಸಾಲು ಕುರ್ಚಿ, ಕೈಯಲ್ಲಿ ಟೋಕನ್. ತಮ್ಮ ನಂತರ ಬಂದವರನ್ನು ಒಳಗೆ ಬಿಟ್ಟದ್ದನ್ನು ಕಂಡು ಅತ್ತೆ ಎದ್ದರು. ಕೌಂಟರಿನ ಹೆಂಗಸಿನ ಮುಂದೆ ನಿಂತು ಬೆರಳೆತ್ತಿದರು.

“ಟೋಕನ್ ಕೊಟ್ಮೇಲೆ ಅದರ ಪ್ರಕಾರ ಕರೀಬೇಕು ಕಣಮ್ಮಾ! ಕರೀದೇ ಇದ್ರೆ ಅದು ಟೋಕನ್ ಅಲ್ಲ, ಬರೀ ಕಾಗದ!”

ಕೌಂಟರಿನ ಹಿಂದಿನ ಕೋಣೆಯ ಬಾಗಿಲು ತೆರೆಯಿತು. ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಗಡ್ಡದವನೊಬ್ಬ ಇಣುಕಿದ. ಮುಖದಲ್ಲಿ ದೇವರನ್ನು ಕಂಡವನ ಬೆಳಕು.

“ಅಮ್ಮಾ, ಈ ದನಿ... ನೀವು ನಲ್ಲಿ ಅತ್ತೆ ಅಲ್ವಾ?”

“ಯಾರಪ್ಪ ನೀನು? ನಾನು ಯಾವ ನಲ್ಲಿಗೂ ಅತ್ತೆ ಅಲ್ಲ.”

“ಅಯ್ಯೋ, ನೀವೇ! ‘ನಿಲ್ದೇ ಇದ್ರೆ ಹೊಳೆ!’ ಬನ್ನಿಮ್ಮಾ ಒಳಗೆ. ಇಲ್ಲಿ ತೆಗೆಯೋ ಕಣ್ಣಿನ ಫೋಟೋ ಎಲ್ಲ ಜೋಡಿಸೋ ಸಾಫ್ಟ್‌ವೇರಲ್ಲಿ ನಿಮ್ಮನ್ನ ದಾಟಿದ ಸ್ಕ್ರಿಪ್ಟ್ ಮಾತ್ರ ಹಾಕೋದು ನಾನು. ದಿನಾ ನಿಮ್ಮ ದರ್ಶನ.”

ಜರಡಿ ಗೋಡೆಯ ಮೇಲಿದ್ದ ಅಕ್ಷರದ ಪಟವನ್ನು ಓದತೊಡಗಿದ. ಎಲ್ಲಕ್ಕಿಂತ ಕೆಳಗಿನ ಸಾಲನ್ನೂ ತಪ್ಪಿಲ್ಲದೆ ಓದಿದ. ಕಿವಿ ಮಾತ್ರ ಕೋಣೆಯೊಳಗಿತ್ತು. ಅಲ್ಲಿ ಪರದೆಯ ಮೇಲೆ ಅತ್ತೆ ನೆಲದ ಮೇಲೆ ಮಲಗಿಸಿದ ಏಣಿಯ ಹಾಗೆ ಅಡ್ಡ ಬಿದ್ದು, ಬೆರಳೆತ್ತಿ, ಗುಡುಗಿ, ಬಾಯಿ ತೆರೆದಿರುವಾಗಲೇ ನಿಂತುಹೋದರು.

“ಕೆಳಗೆ ಏನೋ ಬರ್ದಿದೆಯಲ್ಲಪ್ಪ, ನನಗೆ ಕಾಣಲ್ಲ, ಓದು” ಅಂದರು ನಿಜವಾದ ಅತ್ತೆ.

ಗಡ್ಡದವನು ಪ್ರಾಮಾಣಿಕ. ಓದಿಬಿಟ್ಟ: “‘ಹೆಂಗಸು ಕಾರಣವಿಲ್ಲದೆ ಕಿರುಚುತ್ತಾಳೆ.’”

ಮನೆಗೆ ಬಂದು ಊಟಕ್ಕೆ ಕೂತಾಗ ವಿಚಾರಣೆ ಶುರುವಾಯಿತು. ಹೆಂಡತಿ ಬಡಿಸುತ್ತ ನ್ಯಾಯಪೀಠದ ಪಕ್ಕಕ್ಕೆ ನಿಂತಳು.

“ಎಷ್ಟು ಜನ ನೋಡಿರಬಹುದು ಅಳಿಯಂದ್ರೆ?”

“ಹೆಚ್ಚೇನಿಲ್ಲ ಅತ್ತೆ. ಈ ಕೆಲಸ ಮಾಡೋರು ಮಾತ್ರ.”

“ಅಂದ್ರೆ ಎಷ್ಟು? ಈ ಬೀದಿಯಷ್ಟಾ?”

“ಬೀದಿ...” ಜರಡಿ ಎತ್ತಿದ ತುತ್ತನ್ನು ತಟ್ಟೆಗೆ ವಾಪಸ್ ಇಟ್ಟ. “ಒಂದು ಊರಿನಷ್ಟು.”

“ರೀ!” ಅಂದಳು ಹೆಂಡತಿ. ಆ ಒಂದೇ ಅಕ್ಷರದಲ್ಲಿ ಹುಟ್ಟಿದ ಮನೆ, ಮೆಟ್ಟಿದ ಮನೆ ಎರಡರ ದನಿಯೂ ಇತ್ತು. ಅವಳಿಗೆ ಎರಡೂ ಒಂದೇ ಮನೆಯಾದ್ದರಿಂದ ಇನ್ನೂ ಜೋರಾಗಿತ್ತು.

“ಇವತ್ತೇ ತೆಗೆದುಬಿಡ್ತೀನಿ ಅತ್ತೆ” ಅಂದ ಜರಡಿ. ಅಂದ ಮೇಲೆ ಲೆಕ್ಕ ಹಾಕಿದ. ಆ ಫೈಲು ಹೋದರೆ ಬಳಗದ ಪರೀಕ್ಷೆಯೇ ಹೋಗುತ್ತದೆ. ಪರೀಕ್ಷೆ ಹೋದರೆ ಜರಡಿ ಯಾರು? ಕ್ಯಾಸೆಟ್ ಅಂಗಡಿಯ ನೌಕರ, ಕಾಲೆತ್ತುವ ಮನೆ ಅಳಿಯ. ಅವನು ಯಾರೋ ಒಬ್ಬ ಅನ್ನಿಸಿಕೊಂಡ ಜಾಗ ಭೂಮಿಯ ಮೇಲೆ ಅದೊಂದೇ.

“ತೆಗೀರಿ ಅಂದ್ನಾ ನಾನು?” ಅತ್ತೆ ತಟ್ಟೆ ಸರಿಸಿದರು. “ಅವತ್ತು ಕೊನೇಲಿ ಅವನು ಏನಂದ? ‘ತಪ್ಪು ನಂದೇ ಅಮ್ಮಾ, ಹಳೇ ವಾಷರ್ ಹಾಕಿಬಿಟ್ಟೆ’ ಅಂದ. ಅಂದ್ನೋ ಇಲ್ವೋ?”

“ಅಂದ.”

“ಅದೆಲ್ಲಿ? ನಾನು ಕೂಗಿದ್ದು ಊರಿಗೆಲ್ಲ ಕೇಳ್ತು. ನಾನು ಗೆದ್ದಿದ್ದು ಯಾರಿಗೂ ಕಾಣಲಿಲ್ಲ. ನನ್ನ ಬಾಯಿ ಇಟ್ಕೊಂಡು ನ್ಯಾಯ ಕತ್ತರಿಸಿದ್ರಲ್ಲ ಅಳಿಯಂದ್ರೆ! ಕಾರಣ ಇಲ್ದೆ ಕಿರುಚೋಳಂತೆ ನಾನು. ಪೂರ್ತಿ ಹಾಕಿ. ಇಲ್ಲದಿದ್ರೆ ಒಂದು ಚೂರೂ ಇರಬಾರದು.”

ಜರಡಿಗೆ ಹೋದ ಜೀವ ಬಂತು. ಪೂರ್ತಿ ತಾನೇ? ಬಾಯಿ ತೊಳೆಯದೆಯೇ ಉಗ್ರಾಣಕ್ಕೆ ಓಡಿದ. ಮೂಲ ಫೈಲು ಫೋನಿನಲ್ಲಿರಲಿಲ್ಲ, ಕಂಪ್ಯೂಟರಿಗೆ ವರ್ಗಾಯಿಸಿದ್ದ. ಕಂಪ್ಯೂಟರಿನಲ್ಲಿ ಹುಡುಕಿದ. ಅಲ್ಲಿ ಸಿಕ್ಕಿದ್ದು ಫೈಲಲ್ಲ, ಒಂದು ಸಾಲಿನ ಮರಣಪತ್ರ: ‘ಕೆಲಸ ಮುಗಿಯಿತು. ಮೂಲ ಅಳಿಸಲಾಗಿದೆ.’

ಅಳಿಸಿದ್ದು ಯಾರು? ಜರಡಿಯವರ ಹೆಮ್ಮೆಯ ಚೊಚ್ಚಲ ಸ್ಕ್ರಿಪ್ಟು. ಹೊಸ ಪ್ರತಿ ಸಿದ್ಧವಾದ ಮೇಲೆ ಹಳೆಯದೇಕೆ, ಜಾಗ ದಂಡ ಎಂದು ಅದಕ್ಕೆ ಹೇಳಿಕೊಟ್ಟವನು ಅವನೇ. ಬಾಲ ಕತ್ತರಿಸಿದ ಪ್ರತಿಯನ್ನು ಕಂಡದ್ದೇ ತಡ, ಅದು ಮೈತುಂಬ ವಿಧೇಯತೆಯಿಂದ ಅಸಲನ್ನು ನುಂಗಿತ್ತು. ಬಳಗಕ್ಕೆ ಬರುವ ಎಳಸುಗಳಿಗೆಲ್ಲ ‘ಮೂಲವನ್ನು ಎಂದೂ ಅಳಿಸಬೇಡಿ, ಮೂರ್ಖರೇ’ ಎಂದು ಉಪದೇಶ ಬರೆಯುತ್ತಿದ್ದ ಮಹಾನುಭಾವ ಪರದೆಯ ಮುಂದೆ ಈರುಳ್ಳಿಯ ಸಹಾಯವಿಲ್ಲದೆ ಕಣ್ಣೊರೆಸಿಕೊಂಡ.

ಸುದ್ದಿ ಕೇಳಿ ಅತ್ತೆ ಒಂದೇ ಮಾತಂದರು: “ಹಾಗಾದ್ರೆ ಪ್ಲಂಬರನ್ನ ಕರೆಸಿ. ಇನ್ನೊಂದ್ಸಲ ಹೇಳ್ಲಿ.”

ಮರುದಿನ ಮಧ್ಯಾಹ್ನ ಪ್ಲಂಬರು ಬಂದ. ಸ್ಪ್ಯಾನರು ಹಿಡಿದೇ ಅಡುಗೆಮನೆಗೆ ನಡೆದ. ನಲ್ಲಿ ಸೋರದಿರುವುದನ್ನು ಕಂಡು ಅನುಮಾನದಿಂದ ತಿರುಗಿದ. ಜರಡಿ ವಿನಯದಿಂದ ವಿಷಯ ಬಿಡಿಸಿ ಹೇಳಿದ. ವಿನಯ ಹೆಚ್ಚಾಯಿತು, ಮೂಲ ಕಳೆದುಹೋದದ್ದನ್ನೂ ಹೇಳಿಬಿಟ್ಟ.

“ಅಂದ್ರೆ ಸಾಕ್ಷಿ ಇಲ್ಲ?” ಅಂದ ಪ್ಲಂಬರು.

“ಇಲ್ಲ.”

“ಹಂಗಾದ್ರೆ ನಾನು ಆ ಮಾತು ಆಡೇ ಇಲ್ಲ ಸಾರ್. ತಪ್ಪು ನಂದು ಅಂತ ನಾನು ಹೆಂಡ್ತಿ ಹತ್ರಾನೇ ಅಂದಿಲ್ಲ.”

ಜರಡಿ ಗೋಗರೆದ. ಕೊನೇ ಪಕ್ಷ ನಟನೆಗಾದರೂ ಹೇಳು ಅಂದ. ಪ್ಲಂಬರು ಮೀಸೆಯ ಮೇಲೆ ಕೈಯಾಡಿಸಿದ. “ಊರು ನೋಡೋ ಪಿಕ್ಚರಲ್ಲಿ ನಾನು ಕೆಟ್ಟ ಕೆಲಸಗಾರ ಅಂತಲಾ? ನನ್ನ ಹೊಟ್ಟೆಪಾಡೇನು?”

ಅತ್ತೆ ಬಂದರು. ಜರಡಿ ಗುಡುಗು ಮಿಂಚಿಗೆ ಸಿದ್ಧನಾಗಿ ಫೋನೆತ್ತಿ, ಈ ಸಲ ಉದ್ದಕ್ಕೆ, ನೆಟ್ಟಗೆ ಹಿಡಿದ. ಆದರೆ ಅತ್ತೆ ಸ್ಟೂಲಿನ ಮೇಲೆ ಕೂತು ಬೆಣ್ಣೆಯಲ್ಲಿ ಕೂದಲು ತೆಗೆಯುವ ದನಿಯಲ್ಲಿ ಕೇಳಿದರು: “ನೀನು ಒಳ್ಳೇ ಕೆಲಸಗಾರನಪ್ಪ. ಅದಕ್ಕೇ ಕೇಳ್ತೀನಿ. ಬಿಸಿನೀರು ಬರೋ ನಲ್ಲಿಗೆ ತೆಗೆದ ಹಳೇ ವಾಷರ್ರೇ ಮತ್ತೆ ಹಾಕಬಹುದಾ?”

“ಛೆ ಛೆ! ಹಾಕಬಾರದಮ್ಮ. ಬಿಸಿಗೆ ಅದು ಸೆಟೆದುಕೊಂಡಿರುತ್ತೆ. ಎಲ್ಲಿ ನಿಲ್ಲುತ್ತೆ ನೀರು?”

“ಮತ್ತೆ ಕೆಲವರು ಹಾಕ್ತಾರಲ್ಲ?”

“ಕಲ್ತಿರಲ್ಲಮ್ಮ ಅವರು! ಅಂಥವನ ಕೈಗೆ ಸ್ಪ್ಯಾನರ್ ಕೊಡಬಾರದು.” ಪ್ಲಂಬರಿಗೆ ವಿಷಯ ರುಚಿಸಿತು. ಸ್ಪ್ಯಾನರು ಆಡಿಸುತ್ತ ವಿವರಿಸಿದ. “ಹೊಸದು ತರೋಕೆ ಅಂಗಡಿ ತನಕ ಹೋಗಬೇಕು ಅಂತ ಸೋಮಾರಿತನ. ಯಾವ ಹುಚ್ಚನಮ್ಮ ಹಾಕಿದ್ದು?”

ಅತ್ತೆ ನಲ್ಲಿಯನ್ನು ನೋಡಿದರು. ಆಮೇಲೆ ಅವನನ್ನು ನೋಡಿದರು.

ಪ್ಲಂಬರಿನ ಸ್ಪ್ಯಾನರು ಗಾಳಿಯಲ್ಲೇ ನಿಂತಿತು. ಮೀಸೆ ಮೊದಲು ಅಲುಗಿತು, ಆಮೇಲೆ ಹೊಟ್ಟೆ. ತಡೆಯಲಾರದೆ ನಕ್ಕುಬಿಟ್ಟ.

“ನಾನೇ” ಅಂದ.

ಹೆಂಡತಿ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದಳು. ಇಡೀ ಊರಿಗೆ ತೋರಿಸಲು ಪ್ಲಂಬರು ಒಪ್ಪಿದ, ಒಂದು ಷರತ್ತಿನ ಮೇಲೆ: ಈಗ ಹೊಸ ವಾಷರೇ ಹಾಕುತ್ತಾನೆ ಎಂದು ಕೆಳಗೆ ಬರೆಯಬೇಕು.

ಜರಡಿ ಹಳೇ ತುಂಡಿನ ಬಾಲಕ್ಕೆ ಹೊಸದನ್ನು ಹೊಲಿದ. ಹಳೆಯದು ಅಡ್ಡ, ಹೊಸದು ಉದ್ದ. ಹಳೆಯದು ಸಣ್ಣ ಅಳತೆ, ಹೊಸದು ದೊಡ್ಡದು. ಹಳೆಯದರ ದನಿ ಒಂದು ವೇಗ, ಹೊಸದರದು ಇನ್ನೊಂದು. ಅತ್ತೆಯ ಅಪ್ಪಣೆಯಂತೆ ‘ಕಾರಣವಿಲ್ಲದೆ’ ಎಂಬ ಪದವನ್ನು ಎಲ್ಲ ಭಾಷೆಗಳಲ್ಲೂ ಕಿತ್ತು ಹಾಕಿಸಿದ. ಬಳಗಕ್ಕೆ ನಡೆದದ್ದೆಲ್ಲ ಬರೆದು, ಮೂಲ ನುಂಗಿದ ಸ್ಕ್ರಿಪ್ಟಿನ ವಿಚಾರ ಮಾತ್ರ ‘ಕಾರಣಾಂತರಗಳಿಂದ’ ಎಂದು ತೇಲಿಸಿ, ಫೈಲನ್ನು ಏರಿಸಿದ.

ಬಳಗ ಹುಚ್ಚೆದ್ದು ಕುಣಿಯಿತು. ಇಷ್ಟು ದಿನ ನೋಡಿದ್ದ ಜಗಳಕ್ಕೆ ಒಂದು ತೀರ್ಪೂ ಇದೆ ಎಂದು ಅವರಿಗೆ ಯಾರು ಹೇಳಿದ್ದರು! ಗೂಬೆ ಕೂಡಲೇ ಕಾನೂನು ತಿದ್ದಿದ: ‘ಇನ್ನು ಮುಂದೆ, ಹೊರಬಂದ ಫೈಲಿನಲ್ಲಿ ಪ್ಲಂಬರು “ನಾನೇ” ಅನ್ನಲೇಬೇಕು. ಅನ್ನದಿದ್ದರೆ ಆ ಸ್ಕ್ರಿಪ್ಟು ಫೇಲು. ಈಗಾಗಲೇ ಪಟ್ಟಿಯಲ್ಲಿರುವವರಿಗೂ ಇದೇ ಅನ್ವಯ. ದೊಡ್ಡವರು ಚಿಕ್ಕವರೆಂಬ ಭೇದವಿಲ್ಲ.’

ಹೊಲಿಗೆಯ ಜಾಗಕ್ಕೆ ಬಂದಾಗ ಬಡಪಾಯಿ ಸ್ಕ್ರಿಪ್ಟುಗಳು ಕಂಗಾಲಾದವು. ಫೈಲು ಅಲ್ಲಿಗೇ ಮುಗಿಯಿತೆಂದು ಕೆಲವು ಬಾಗಿಲು ಹಾಕಿಕೊಂಡವು. ಕೆಲವು ದನಿ ಬಿಟ್ಟು ಚಿತ್ರವನ್ನಷ್ಟೇ ದಾಟಿಸಿದವು; ಪ್ಲಂಬರು ಮೂಕನಂತೆ ಬಾಯಾಡಿಸಿದ. ಆದರೆ ಅಚ್ಚುಕಟ್ಟಾಗಿ, ಯಾವ ಗಲಾಟೆಯೂ ಇಲ್ಲದೆ, ‘ಕೆಲಸ ಮುಗಿಯಿತು’ ಎಂದು ಹೇಳಿ ಅತ್ತೆಯ ಗೆಲುವನ್ನು ಪೂರ್ತಿಯಾಗಿ ನುಂಗಿದ ಸ್ಕ್ರಿಪ್ಟುಗಳೆಲ್ಲ ಒಬ್ಬನೇ ಬರೆದವಾಗಿದ್ದವು. ಗೂಬೆ ಬಹಳ ಮರ್ಯಾದೆಯಿಂದ ಬರೆದ:

‘ಜರಡಿಯವರೇ, ನಿಮ್ಮವನ್ನು ಓದದೇ ಸೇರಿಸಿದ್ದು ನನ್ನದೇ ತಪ್ಪು. ಈಗ ಎಲ್ಲವನ್ನೂ ಓದಿ ತೆಗೆದಿದ್ದೇನೆ. ಅತ್ತೆಯವರಿಗೆ ಬಳಗದ ನಮಸ್ಕಾರ ತಿಳಿಸಿ.’

ಪಟ್ಟಿಯ ತುದಿ ಖಾಲಿಯಾಗಿತ್ತು.

ಅತ್ತೆ ಹೊಸ ಕನ್ನಡಕ ಹಾಕಿಕೊಂಡು ಉಗ್ರಾಣಕ್ಕೆ ಬಂದರು. ಈರುಳ್ಳಿಗಲ್ಲ. ಹಾಸಿಗೆಯ ಸುರುಳಿಯ ಮೇಲೆ ಆರಾಮಾಗಿ ಕೂತು, “ಎಲ್ಲಾರೂ ಪರೀಕ್ಷೆ ಬರೀತಿದ್ದಾರಂತೆ. ನಿಮ್ಮದೇನಾಯ್ತು ಅಳಿಯಂದ್ರೆ?” ಅಂದರು.

“ಫೇಲು.”

“ಎಷ್ಟರಲ್ಲಿ?”

“ಎಲ್ಲದರಲ್ಲೂ.”

ಅತ್ತೆ ನಗಲಿಲ್ಲ. ನಗದಿರಲು ಪಟ್ಟ ಕಷ್ಟ ಕನ್ನಡಕದ ಅಂಚಿನಲ್ಲಿ ಕಾಣುತ್ತಿತ್ತು. ಜರಡಿ ಮೊದಲ ಸ್ಕ್ರಿಪ್ಟನ್ನು ತೆರೆದು, ತಾನೇ ಬರೆದಿದ್ದ ಸಾಲುಗಳನ್ನು ಬೇರೆಯವರದೆಂಬಂತೆ ಅನುಮಾನದಿಂದ ಓದಿ, ಒಂದನ್ನು ಅಳಿಸಿ ಎರಡನ್ನು ಬರೆದು, ಫೈಲನ್ನು ಫೋಲ್ಡರಿಗೆ ಬಿಟ್ಟ. ಯಂತ್ರ ಗುರುಗುಟ್ಟಿತು. ಪರದೆಯ ಮೇಲೆ ಪ್ಲಂಬರಿನ ಸ್ಪ್ಯಾನರು ಗಾಳಿಯಲ್ಲಿ ನಿಂತಿತು. ಮೀಸೆ ಅಲುಗಿತು. ಅಲ್ಲಿಗೆ ಪರದೆ ಕಪ್ಪಾಯಿತು.

“ಅಂದ್ನಾ?”

“ಇನ್ನೂ ಅಂದಿಲ್ಲ ಅತ್ತೆ.”

“ಮತ್ತೆ ಹಾಕಿ” ಅಂದರು ಅತ್ತೆ, ಇನ್ನಷ್ಟು ಒರಗಿ ಕೂತು. “ನನಗೇನು ಅವಸರ ಇಲ್ಲ.”